ನನ್ನ ತಮ್ಮ ಕೆಲಸ ಬಿಟ್ಟು ದಾವಣಗೆರೆಯಲ್ಲಿ ಫಿನ್‌ಟೆಕ್ (ಆ್ಯಪ್‌ನಲ್ಲಿ ಹಣದ ವ್ಯವಹಾರ ಮಾಡೋ) ಕಂಪನಿ ಮಾಡ್ತೀನಿ ಅಂತಿದ್ದಾನೆ. ಅಪ್ಪಾಜಿ ದುಡ್ಡು ಕೊಡಬಹುದಾ?

ಹರಿಹರದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹರಿಹರದಲ್ಲಿ ಪ್ರೈಮರಿ ಶಾಲೆ ಟೀಚರ್. ದುಡ್ಡಿನ ಆ್ಯಪ್, ಸ್ಟಾರ್ಟಪ್ ಇವೆಲ್ಲ ನನಗೆ ಗೊತ್ತಿರೋದು ಅಷ್ಟಕ್ಕಷ್ಟೆ. ಮನೆಯಲ್ಲಿ ಒಂದು ತಿಂಗಳಿಂದ ಇದೇ ಮಾತು, ಇದೇ ಜಗಳ. ಗೊತ್ತಿರುವವರು ಯಾರಾದರೂ ದಾರಿ ಹೇಳ್ತಾರೇನೋ ಅಂತ ಬರೀತಿದೀನಿ.

ನನ್ನ ತಮ್ಮನಿಗೆ 25. ದಾವಣಗೆರೆಯಲ್ಲೇ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಪೇಮೆಂಟ್ ಕಂಪನಿ ಸೇರಿ ಮೂರು ವರ್ಷ ಆಯ್ತು. ತಿಂಗಳಿಗೆ ಕೈಗೆ 72 ಸಾವಿರ ಬರುತ್ತೆ, ಮನೆಗೆ 20 ಕಳಿಸ್ತಾನೆ. ಹೋದ ತಿಂಗಳು ಊರಿಗೆ ಬಂದವನು ಊಟಕ್ಕೆ ಕೂತಾಗ "ಅಪ್ಪಾಜಿ, ನಾನು ಕೆಲಸ ಬಿಡ್ತೀನಿ. ದಾವಣಗೆರೆಯಲ್ಲಿ ಸ್ವಂತ ಕಂಪನಿ ಮಾಡ್ತೀನಿ" ಅಂದ. ಅಪ್ಪಾಜಿ ಅನ್ನ ಕಲಸಿದ ಕೈ ಹಾಗೇ ಇಟ್ಕೊಂಡು ಅವನ ಮುಖ ನೋಡಿದ್ರು. ಮಜ್ಜಿಗೆ ತರ್ತಿದ್ದ ಅಮ್ಮ ಅಲ್ಲೇ ನಿಂತುಬಿಟ್ಟಳು.

ಅವನ ಯೋಚನೆ ಏನಂದ್ರೆ, ಎಪಿಎಂಸಿ ಹಮಾಲರು, ತರಕಾರಿ ಗಾಡಿಯವರು, ದೋಸೆ ಹೋಟೆಲ್ ಹುಡುಗರು ಇವರಿಗೆಲ್ಲ ಐದು ಹತ್ತು ಸಾವಿರ ಸಾಲ ಕೊಡೋ ಆ್ಯಪ್. ಬೆಳಿಗ್ಗೆ 900 ಕೈಗೆ ಕೊಟ್ಟು ಸಂಜೆ 1000 ವಸೂಲು ಮಾಡೋ ಬಡ್ಡಿಯವರ ಕೈಯಿಂದ ಇವರನ್ನ ಬಿಡಿಸಬೇಕು ಅಂತಾನೆ. ಅವನ ಮನಸ್ಸು ಒಳ್ಳೇದು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ಮೊದಲ ಬಂಡವಾಳಕ್ಕೆ ಅಪ್ಪಾಜಿ ಹತ್ರ ಇರೋ 8 ಲಕ್ಷ ಕೇಳ್ತಿದ್ದಾನೆ. ಮೂವತ್ತು ವರ್ಷ ನಡೆಸಿದ ಕಿರಾಣಿ ಅಂಗಡಿ ಬಿಟ್ಟುಕೊಟ್ಟಾಗ ಬಂದ ದುಡ್ಡು ಅದು. ಅಮ್ಮನ ಮಂಡಿ ಆಪರೇಷನ್‌ಗೆ ಅಂತ ಎಫ್‌ಡಿ ಇಟ್ಟಿದ್ದಾರೆ.

ನಾವು ಬೇಡ ಅಂದ್ರೆ ಅವನು ದೊಡ್ಡವರ ಹೆಸರು ಹೇಳ್ತಾನೆ. ಷೇರು ಕೊಳ್ಳೋ ಮಾರೋ ಜೆರೋಧಾ ಕಂಪನಿ ಮಾಡಿದ ನಿತಿನ್ ಕಾಮತ್ ಹುಟ್ಟಿದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲಿ, ಕಾಲ್ ಸೆಂಟರ್‌ನಲ್ಲಿ ದುಡಿದವರು, 2010ರಲ್ಲಿ ಹೊರಗಿನವರ ಬಂಡವಾಳ ಇಲ್ಲದೆ ಶುರು ಮಾಡಿದ್ರು ಅಂತಾನೆ. ಆನ್‌ಲೈನ್ ಪೇಮೆಂಟ್ ಕಂಪನಿ ರೇಜರ್‌ಪೇ ಕಟ್ಟಿದ ಹರ್ಷಿಲ್ ಮಾಥುರ್, ಶಶಾಂಕ್ ಕುಮಾರ್ 2014ರಲ್ಲಿ ಕಾಲೇಜು ಮುಗಿಸಿ ಒಂದೆರಡು ವರ್ಷದ ಹುಡುಗರು ಅಂತಾನೆ. "ಅಕ್ಕ, ಇನ್ನು ಐದು ವರ್ಷ ಬಿಟ್ರೆ ಸಂಸಾರ, ಇಎಂಐ ಅಂತ ನಾನೂ ಹೆದರಿಬಿಡ್ತೀನಿ, ಈಗಲೇ ಮಾಡಬೇಕು" ಅಂದಾಗ ನನಗೆ ಏನು ಹೇಳಬೇಕೋ ತೋಚಲಿಲ್ಲ.

ಈ ಕೆಲಸ ಮಾಡೋರು ದಿನ ಬೆಳಗಾದ್ರೆ ಏನು ಮಾಡ್ತಾರೆ? ದಾವಣಗೆರೆಯಂಥ ಊರಲ್ಲಿ ಕೂತು ಆಗುತ್ತಾ? ಆ 8 ಲಕ್ಷ ಕೊಡಬಹುದಾ? ದಯವಿಟ್ಟು ತಿಳಿದವರು ಹೇಳಿ.


ಕೋಟೆ ಬೀದಿ, ಚಿತ್ರದುರ್ಗ

ಅಮ್ಮಾ, ನಾನು ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಹಿರಿಯೂರು, ಹೊಳಲ್ಕೆರೆ ಕಡೆ ಮ್ಯಾನೇಜರ್ ಆಗಿದ್ದೆ. ಸಾಲದ ವಿಚಾರ ಮಾತ್ರ ಹೇಳುತ್ತೇನೆ.

ನಿಮ್ಮ ತಮ್ಮ ತನ್ನ ಕೈಯ ಹಣವನ್ನು ಆ್ಯಪ್‌ನಲ್ಲಿ ಸಾಲ ಕೊಡುತ್ತೇನೆ ಎಂದರೆ ಅದಕ್ಕೆ ರಿಸರ್ವ್ ಬ್ಯಾಂಕಿನಿಂದ ಎನ್‌ಬಿಎಫ್‌ಸಿ, ಅಂದರೆ ಬ್ಯಾಂಕ್ ಅಲ್ಲದ ಹಣಕಾಸು ಕಂಪನಿ ಎಂಬ ನೋಂದಣಿ ಬೇಕು. ಹೊಸದಾಗಿ ನೋಂದಣಿ ಕೇಳುವವರಿಗೆ ಕನಿಷ್ಠ 10 ಕೋಟಿ ಸ್ವಂತ ನಿಧಿ ಇರಬೇಕು. 8 ಲಕ್ಷದಲ್ಲಿ ಆ ಬಾಗಿಲು ತೆರೆಯುವುದಿಲ್ಲ.

ಇನ್ನೊಂದು ದಾರಿ, ಸಾಲ ಕೊಡುವುದು ಬ್ಯಾಂಕು ಅಥವಾ ಎನ್‌ಬಿಎಫ್‌ಸಿ, ನಿಮ್ಮ ತಮ್ಮ ಗ್ರಾಹಕರನ್ನು ಹುಡುಕಿ ಕೊಡುವವನು. ಇದಕ್ಕೆ 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಕಟ್ಟುನಿಟ್ಟಿನ ನಿಯಮ ಮಾಡಿದೆ. ಸಾಲದ ಹಣ ನೇರವಾಗಿ ಬ್ಯಾಂಕಿನಿಂದ ಸಾಲಗಾರನ ಖಾತೆಗೇ ಹೋಗಬೇಕು, ಕಂತು ನೇರವಾಗಿ ಬ್ಯಾಂಕಿಗೇ ಬರಬೇಕು. ನಡುವೆ ಇವನ ಖಾತೆಗೆ ಒಂದು ರೂಪಾಯಿಯೂ ಬರುವಂತಿಲ್ಲ. ಬಡ್ಡಿ, ಶುಲ್ಕ ಎಲ್ಲ ಸೇರಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತದೆ ಎಂದು ಒಂದು ಹಾಳೆಯಲ್ಲಿ ಮೊದಲೇ ಬರೆದು ಕೊಡಬೇಕು.

ನಿಮ್ಮ ತಂದೆಯವರ ಹಣ ಹೋಗುವುದು ಮುಂದಿನ ಜಾಗದಲ್ಲಿ, ದಯವಿಟ್ಟು ಗಮನಿಸಿ. ಹೊಸ ಹುಡುಗನನ್ನು ನಂಬಿ ಯಾವ ಸಂಸ್ಥೆಯೂ ಸುಮ್ಮನೆ ಸಾಲ ಕೊಡುವುದಿಲ್ಲ. "ಸಾಲ ಮುಳುಗಿದರೆ ಮೊದಲ ಪೆಟ್ಟು ನೀನು ತಿನ್ನಬೇಕು" ಎಂದು ಕೇಳುತ್ತಾರೆ. 2023ರ ಜೂನ್‌ನ ನಿಯಮದಂತೆ ಆ ಖಾತರಿ ಒಟ್ಟು ಸಾಲದ ಶೇ. 5 ದಾಟುವಂತಿಲ್ಲ, ಮತ್ತು ಅದು ನಗದು ಠೇವಣಿ, ಎಫ್‌ಡಿ ಅಥವಾ ಬ್ಯಾಂಕ್ ಗ್ಯಾರಂಟಿಯಾಗಿಯೇ ಇರಬೇಕು. ಲೆಕ್ಕ ಹಾಕಿ: 1 ಕೋಟಿ 60 ಲಕ್ಷ ಸಾಲ ಹಂಚಿದರೆ ಶೇ. 5 ಎಂದರೆ ಸರಿಯಾಗಿ 8 ಲಕ್ಷ. ಹಮಾಲರಿಗೆ, ಗಾಡಿಯವರಿಗೆ ಅಡಮಾನವಿಲ್ಲದೆ ಕೊಟ್ಟ ಸಾಲದಲ್ಲಿ ನೂರಕ್ಕೆ ಐದು ಬಾಕಿ ಬೀಳಲು ಒಂದು ಮಳೆಗಾಲ ಸಾಕು. ನಿಮ್ಮ ತಾಯಿಯವರ ಆಪರೇಷನ್ ಹಣ ಅಲ್ಲಿಗೆ ಮುಗಿಯಿತು.

ವಸೂಲಿಯ ವಿಚಾರವೂ ಇದೆ. 2025ರಲ್ಲಿ ರಾಜ್ಯ ಸರ್ಕಾರ ಕಿರು ಸಾಲದ ಬಲವಂತದ ವಸೂಲಿ ತಡೆಯಲು ಕಾನೂನು ತಂದಿದೆ. ಅದರಲ್ಲಿ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ. ಒಳ್ಳೆಯ ಕಾನೂನು, ಬೇಕಾಗಿತ್ತು. ಆದರೆ ವಸೂಲಿಗೆ ಕಳಿಸಿದ ಹುಡುಗ ಒಬ್ಬ ಯಾರದೋ ಮನೆ ಮುಂದೆ ಕೂಗಾಡಿದರೆ ಉತ್ತರ ಹೇಳಬೇಕಾದವನು ನಿಮ್ಮ ತಮ್ಮ.

ಹುಡುಗನ ಉದ್ದೇಶಕ್ಕೆ ನನ್ನ ನಮಸ್ಕಾರ. ಸಾಲ ಬಿಟ್ಟು ಬೇರೆ ಏನಾದರೂ ಯೋಚಿಸಲಿ.


ಪಿಗ್ಮಿ ಮಗಳು

ಟೀಚರ್, ನಿಮ್ಮ ಪ್ರಶ್ನೆ ನೋಡಿ ಎರಡು ದಿನ ಆಯ್ತು, ಕೂತು ಬರೆಯೋಕೆ ಇವತ್ತು ಸಾಧ್ಯ ಆಯ್ತು. ಸಾಲದ್ದಲ್ಲ, ಪಿಗ್ಮಿ ಲೆಕ್ಕದ ಸಾಫ್ಟ್‌ವೇರ್ ಮಾಡೋ ಒಂದು ಸಣ್ಣ ಕಂಪನಿ ನಾನು ದಾವಣಗೆರೆಯಲ್ಲೇ ನಡೆಸ್ತಿದೀನಿ, ಇದು ಏಳನೇ ವರ್ಷ. ದಿನ ಬೆಳಗಾದ್ರೆ ಏನು ಮಾಡ್ತಾರೆ ಅಂತ ಕೇಳಿದ್ರಲ್ಲ, ಅದಕ್ಕೆ ನನ್ನ ಕತೆಯನ್ನೇ ಹೇಳ್ತೀನಿ. ಕೋಟೆ ಬೀದಿ ಸರ್ ಹೇಳಿದ್ದರಲ್ಲಿ ತೆಗೆದು ಹಾಕೋದು ಏನೂ ಇಲ್ಲ.

ನಮ್ಮ ಅಪ್ಪಾಜಿ ಪಿಗ್ಮಿ ಕಲೆಕ್ಟರ್, ಅಂದ್ರೆ ಅಂಗಡಿ ಮನೆ ಬಾಗಿಲಿಗೆ ಹೋಗಿ ಜನರ ದಿನದ ಸಣ್ಣ ಉಳಿತಾಯ ಕಟ್ಟಿಸಿಕೊಂಡು ಬರೋರು. 1996ರಿಂದ ಇಲ್ಲಿನ ಒಂದು ಪತ್ತಿನ ಸಹಕಾರ ಸಂಘಕ್ಕೆ ಕಲೆಕ್ಷನ್ ಮಾಡ್ತಾರೆ. ಮೊದಲು ಸೈಕಲ್, ಆಮೇಲೆ ಟಿವಿಎಸ್ ಎಕ್ಸೆಲ್. ಚೌಕಿಪೇಟೆ, ಮಂಡಿಪೇಟೆ, ಕಾಳಿಕಾದೇವಿ ರಸ್ತೆ, ಕೊನೆಗೆ ಮಂಡಕ್ಕಿ ಭಟ್ಟಿಗಳು. ನೂರು ರೂಪಾಯಿ ಕಟ್ಟಿಸಿಕೊಂಡ್ರೆ ಮೂರು ರೂಪಾಯಿ ಕಮಿಷನ್. ಆ ಮೂರು ರೂಪಾಯಿಗಳಲ್ಲೇ ನಾನು ಇಂಜಿನಿಯರಿಂಗ್ ಓದಿದ್ದು. ಪಿಗ್ಮಿ ಅನ್ನೋದನ್ನ 1928ರಲ್ಲಿ ಶುರು ಮಾಡಿದ್ದು ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು, ದಿನಕ್ಕೆ ಎರಡಾಣೆಯಿಂದ. ಬ್ಯಾಂಕೇ ಬಡವರ ಬಾಗಿಲಿಗೆ ಹೋಗೋ ಕೆಲಸ ನಮ್ಮ ನಾಡಿನಲ್ಲಿ ಆ್ಯಪ್ ಬರೋದಕ್ಕೆ ತೊಂಬತ್ತು ವರ್ಷ ಮೊದಲೇ ಇತ್ತು. ಇದನ್ನ ಹೇಳುವಾಗ ನನಗೆ ಈಗಲೂ ಹೆಮ್ಮೆ ಆಗುತ್ತೆ.

2016ರಲ್ಲಿ ಇಲ್ಲಿನ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿನಿಂದ ಹೊರಬಿದ್ದು ನಿಮ್ಮ ತಮ್ಮನ ಹಾಗೇ ಬೆಂಗಳೂರಿನ ಒಂದು ಪೇಮೆಂಟ್ ಕಂಪನಿ ಸೇರಿದೆ. ಆ ವರ್ಷ ಏಪ್ರಿಲ್‌ನಲ್ಲಿ ಯುಪಿಐ ಬಂದಿತ್ತು, ಆಗಸ್ಟ್ ಕೊನೆಗೆ ಬ್ಯಾಂಕುಗಳ ಆ್ಯಪ್‌ಗಳು ಬಂದವು. ನವೆಂಬರ್ 8ರ ರಾತ್ರಿ ನೋಟು ರದ್ದಾದಾಗ ನಮ್ಮ ಆಫೀಸಿನಲ್ಲಿ ಹಬ್ಬ. ಅಂಗಡಿಯವರ ಅರ್ಜಿ ರಾಶಿ ಬಿದ್ದಿತ್ತು, ಎರಡು ವಾರ ನಾವು ಯಾರೂ ಸರಿಯಾಗಿ ಮನೆಗೆ ಹೋಗಲಿಲ್ಲ. ಅಪ್ಪಾಜಿ ಫೋನ್ ಮಾಡಿ "ಯಾರ ಹತ್ರನೂ ಹೋಗೋಕೆ ಆಗ್ತಿಲ್ಲವ್ವ, ಎಲ್ಲಾ ಹಳೇ ಐನೂರೇ ಕೊಡಾಕ್ ಬರ್ತಾರೆ, ಸಂಘದಾಗೆ ತಗೊಳಲ್ಲ ಅಂತಾರೆ" ಅಂದ್ರು. ಅವರು 19 ದಿನ ಗಾಡಿ ತೆಗೆಯಲಿಲ್ಲ. ಒಂದೇ ಸುದ್ದಿಗೆ ನನಗೆ ಬೋನಸ್ ಬಂತು, ಅಪ್ಪಾಜಿಗೆ ಕಮಿಷನ್ ನಿಂತಿತು. ನಾನು ವಾಪಸ್ ಬರಬೇಕು ಅನ್ನೋ ಬೀಜ ಬಿದ್ದದ್ದು ಅವತ್ತು. ಆದ್ರೆ ಬಂದದ್ದು ಎರಡು ವರ್ಷ ಬಿಟ್ಟು, 2018ರ ಡಿಸೆಂಬರ್‌ನಲ್ಲಿ, ಕೈಯಲ್ಲಿ 3 ಲಕ್ಷ 40 ಸಾವಿರ ಉಳಿತಾಯ ಇಟ್ಕೊಂಡು.

ನಾನು ಮಾಡಿದ್ದು ಇಷ್ಟೇ. ಮೊದಲು ಕಲೆಕ್ಟರ್‌ಗಳು ಗುಂಡಿ ಒತ್ತೋ ಪಿಗ್ಮಿ ಮಿಷಿನ್ ಹೊರ್ತಿದ್ರು. ಬೆಳಿಗ್ಗೆ ಶಾಖೆಯಲ್ಲಿ ಅದಕ್ಕೆ ಖಾತೆ ತುಂಬಿಸಬೇಕು, ಮಾರನೇ ದಿನ ಅದರಿಂದ ಲೆಕ್ಕ ಇಳಿಸಬೇಕು. ಅದರ ಬದಲು ಫೋನು, ಜೊತೆಗೆ ಬೆಲ್ಟಿಗೆ ಸಿಕ್ಕಿಸೋ ಸಣ್ಣ ಬ್ಲೂಟೂತ್ ಪ್ರಿಂಟರ್. ದುಡ್ಡು ಕೊಟ್ಟ ಕೂಡಲೇ ಚೀಟಿ ಕನ್ನಡದಲ್ಲಿ ಬರಬೇಕು ಅಂತ ನನ್ನ ಹಟ. ಆ ಪ್ರಿಂಟರ್‌ಗಳಿಗೆ ಕನ್ನಡ ಬರಲ್ಲ. ಒತ್ತಕ್ಷರ ಎಲ್ಲಾ ಬಿಡಿಬಿಡಿಯಾಗಿ ಬಿದ್ದು ರುದ್ರವ್ವ ಅನ್ನೋ ಹೆಸರು ಯಾರಿಗೂ ಓದೋಕೆ ಆಗ್ತಿರಲಿಲ್ಲ. ಕೊನೆಗೆ ಪ್ರತಿ ಸಾಲನ್ನೂ ಫೋನಿನಲ್ಲೇ ಚಿತ್ರ ಮಾಡಿ ಆ ಚಿತ್ರವನ್ನ ಪ್ರಿಂಟರ್‌ಗೆ ಕಳಿಸಬೇಕಾಯ್ತು. ಅದಕ್ಕೇ ಮೂರು ತಿಂಗಳು ಹಿಡೀತು. ಎಸ್‌ಎಂಎಸ್‌ನದೂ ಅದೇ ಕತೆ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿದ್ರೆ ಕನ್ನಡದಲ್ಲಿ 70, ಒತ್ತು ಗುಣಿತ ಎಲ್ಲಾ ಬೇರೆ ಬೇರೆ ಲೆಕ್ಕ. ಹಾಗಾಗಿ ಕನ್ನಡ ಮೆಸೇಜಿಗೆ ದುಪ್ಪಟ್ಟು ಖರ್ಚು. ಆದ್ರೂ ಕನ್ನಡದಲ್ಲೇ ಕಳಿಸ್ತೀವಿ.

ಚೀಟಿ ವಿಷಯಕ್ಕೆ ಒಂದು ಮಾತು ಹೇಳಲೇಬೇಕು. ಮಂಡಕ್ಕಿ ಭಟ್ಟಿಯ ಒಬ್ಬ ಅಜ್ಜಿ ದಿನಕ್ಕೆ 50 ಕಟ್ಟೋರು. ನಾವು ಕೊಟ್ಟ ಚೀಟಿಗಳನ್ನೆಲ್ಲ ಒಂದು ಮೊಳೆಗೆ ಚುಚ್ಚಿ ಒಲೆ ಹಿಂದಿನ ಗೋಡೆಗೆ ಇಟ್ಟಿದ್ರು. ಆ ಕಾಗದಕ್ಕೆ ಇಂಕು ಇರಲ್ಲ, ಬಿಸಿಯಿಂದಲೇ ಅಕ್ಷರ ಮೂಡೋದು. ಭಟ್ಟಿಯ ಕಾವಿಗೆ ಎರಡು ತಿಂಗಳ ಚೀಟಿ ಇದ್ದಿಲಿನ ಹಾಗೆ ಕಪ್ಪಾಗಿತ್ತು. ಅಪ್ಪಾಜಿ ಜೊತೆ ನಾನು ಹೋದ ದಿನ ಆ ಕಟ್ಟು ನನ್ನ ಕೈಗೆ ಕೊಟ್ಟು "ನನ್ ರೊಕ್ಕನೂ ಹಿಂಗಾತೇನವ್ವ?" ಅಂದ್ರು. ಬೆಂಗಳೂರಿನಲ್ಲಿ ಎಷ್ಟೋ ಮೀಟಿಂಗ್‌ಗಳಲ್ಲಿ ಗ್ರಾಹಕರ ನಂಬಿಕೆ ಬಗ್ಗೆ ಸ್ಲೈಡ್ ನೋಡಿದ್ದೆ. ಅವತ್ತು ಆ ಅಜ್ಜಿಗೆ ಉತ್ತರ ಹೇಳೋಕೆ ನನ್ನ ಹತ್ರ ಏನೂ ಇರಲಿಲ್ಲ. ಅಪ್ಪಾಜಿ ಅವರ ಪಾಸ್‌ಬುಕ್ ತೆಗೆದು ಪೆನ್ನಿನಲ್ಲಿ ಬರೆದ ಸಾಲುಗಳನ್ನ ಒಂದೊಂದಾಗಿ ಓದಿ ಹೇಳಿದ್ರು. ಆಮೇಲೆ ನಾವು ಒಂದು ನಂಬರ್ ಮಾಡಿದೆವು. ಮಿಸ್ಡ್ ಕಾಲ್ ಕೊಟ್ರೆ ಅದೇ ವಾಪಸ್ ಕರೆ ಮಾಡಿ ಖಾತೆಯಲ್ಲಿ ಎಷ್ಟಿದೆ ಅಂತ ಕನ್ನಡದಲ್ಲಿ ಹೇಳುತ್ತೆ. ನಮ್ಮ ಇಡೀ ಸಾಫ್ಟ್‌ವೇರ್‌ನಲ್ಲಿ ಜನ ಹೆಚ್ಚು ಬಳಸೋದು ಅದನ್ನೇ.

2021ರ ಜೂನ್‌ನಲ್ಲಿ, ಎರಡನೇ ಲಾಕ್‌ಡೌನ್ ಸಡಿಲ ಆದ ಹೊಸದರಲ್ಲಿ, ದೊಡ್ಡ ತಪ್ಪೊಂದು ಆಯ್ತು. ತಪ್ಪು ನನ್ನದೇ. ಒಬ್ಬ ಕಲೆಕ್ಟರ್ ಫೋನು ಕೆಟ್ಟು ಆ್ಯಪ್ ಮತ್ತೆ ಹಾಕಿಕೊಂಡ್ರು. ಚೀಟಿ ನಂಬರ್ ಮತ್ತೆ ಒಂದರಿಂದ ಶುರು ಆಯ್ತು. ನಾನು ಬರೆದ ಕೋಡ್ "ಈ ನಂಬರ್ ಆಗಲೇ ಬಂದಿದೆ" ಅಂತ ಹೊಸ ಲೆಕ್ಕವನ್ನೆಲ್ಲ ಬಿಸಾಡಿತು. ಮೂರು ದಿನದ 186 ಕಂತು, 41,350 ರೂಪಾಯಿ. ನಗದು ಶಾಖೆಗೆ ಸಂದಾಯ ಆಗಿದೆ, ಯಾರ ಖಾತೆಗೆ ಎಷ್ಟು ಅನ್ನೋದು ಇಲ್ಲ. ಕಾರ್ಯದರ್ಶಿಗಳು ನನ್ನನ್ನ ಕರೆಸಿ ಬಾಗಿಲು ಹಾಕಿಕೊಂಡು "ಇದು ಹೊರಗೆ ಗೊತ್ತಾದ್ರೆ ನಾಳೆ ಶಾಖೆ ಮುಂದೆ ಜಾತ್ರೆ ಸೇರುತ್ತೆ" ಅಂದ್ರು. ಅವರ ಭಯ ಸುಳ್ಳಲ್ಲ. ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಇದೆ, ಪತ್ತಿನ ಸಂಘಗಳ ಠೇವಣಿಗೆ ಅದು ಇಲ್ಲ. ಸಂಘ ನಿಂತಿರೋದೇ ಸದಸ್ಯರ ಭರವಸೆ ಮೇಲೆ.

ಆ ಕಲೆಕ್ಟರ್, ನಾನು, ಅಪ್ಪಾಜಿ ಮೂರು ಜನ ನಾಲ್ಕು ದಿನ ಬಾಗಿಲು ಬಾಗಿಲಿಗೆ ನಡೆದೆವು. ನಡೆದದ್ದನ್ನ ಇದ್ದ ಹಾಗೇ ಹೇಳಿ ಕ್ಷಮೆ ಕೇಳಿ, "ಆ ಮೂರು ದಿನ ಎಷ್ಟು ಕೊಟ್ಟಿದ್ರಿ?" ಅಂತ ಕೇಳೋದು. 158ಕ್ಕೆ ಚೀಟಿ ಸಿಕ್ತು. 21ಕ್ಕೆ ಚೀಟಿ ಇಲ್ಲ, ಪಾಸ್‌ಬುಕ್ಕಿನಲ್ಲಿ ಪೆನ್ನಿನ ಬರಹ ಇತ್ತು. "ಎರಡೆರಡು ಕೆಲಸ ಯಾಕೆ, ಪಾಸ್‌ಬುಕ್ ಬರೆಯೋದು ಬಿಡಿ" ಅಂತ ಕಲೆಕ್ಟರ್‌ಗಳಿಗೆ ಹೇಳಿದ್ದವಳು ನಾನು. ಹಳೇ ಗಿರಾಕಿಗಳು ಬಿಡಲಿಲ್ಲ, ಅದರಿಂದ ಉಳಿದೆ. ಉಳಿದ ಏಳಕ್ಕೆ ಏನೂ ಇರಲಿಲ್ಲ. ಅವರು ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಂಡೆವು. ಎಲ್ಲಾ ಕೂಡಿದಾಗ 41,300. ಐವತ್ತು ರೂಪಾಯಿ ಕಡಿಮೆ. ಅಂದ್ರೆ ಹೆಚ್ಚು ಹೇಳಿದವರು ಒಬ್ಬರೂ ಇಲ್ಲ, ಯಾರೋ ಒಬ್ಬರು ತಾವು ಕೊಟ್ಟಿದ್ದನ್ನೇ ಮರೆತು ಕಡಿಮೆ ಹೇಳಿದ್ದಾರೆ. ಅದು ಯಾರು ಅಂತ ಗೊತ್ತಾಗಲಿಲ್ಲ. ಆ ಐವತ್ತು ಈಗಲೂ ಸಂಘದ ಪುಸ್ತಕದಲ್ಲಿ ಬೇರೆಯಾಗಿ ನಿಂತಿದೆ.

ಆಮೇಲೆ ಜನ "ಫೋನ್‌ಪೇ ಮಾಡ್ಲಾ?" ಅಂತ ಕೇಳೋಕೆ ಶುರು ಮಾಡಿದ್ರು. ಕಲೆಕ್ಟರ್‌ಗಳು ತಮ್ಮ ಸ್ವಂತ ನಂಬರ್ ಕೊಡ್ತಿದ್ರು. ಯಾರೋ ಸೈಬರ್ ವಂಚಕರ ದುಡ್ಡು ಕೈಯಿಂದ ಕೈಗೆ ದಾಟಿ ಒಬ್ಬರ ಖಾತೆಗೆ ಬಂದು ಅದು ಫ್ರೀಜ್ ಆಯ್ತು. ಮಗಳ ಫೀಸ್ ಕಟ್ಟೋ ವಾರದಲ್ಲೇ. ಆಗ ಪ್ರತಿ ಪಿಗ್ಮಿ ಖಾತೆಗೂ ಬೇರೆ ಕ್ಯೂಆರ್ ಮಾಡಿ ದುಡ್ಡು ನೇರ ಸಂಘದ ಬ್ಯಾಂಕ್ ಖಾತೆಗೇ ಬೀಳೋ ಹಾಗೆ ಮಾಡಬೇಕು ಅಂತ ಹೊರಟೆ. ನಡುವೆ ನನ್ನ ಕಂಪನಿ ಖಾತೆಗೆ ದುಡ್ಡು ಬಂದ್ರೆ ಅದಕ್ಕೆ ಪೇಮೆಂಟ್ ಅಗ್ರಿಗೇಟರ್ ಪರವಾನಗಿ ಬೇಕು, ಅರ್ಜಿ ಹಾಕುವಾಗಲೇ ಕಂಪನಿಗೆ 15 ಕೋಟಿ ನೆಟ್‌ವರ್ತ್ (ಸಾಲ ಕಳೆದು ಉಳಿಯೋ ಆಸ್ತಿ) ಇರಬೇಕು. ಹಾಗಾಗಿ ನಾವು ದುಡ್ಡು ಮುಟ್ಟಲ್ಲ, ಲೆಕ್ಕ ಮಾತ್ರ ನಮ್ಮದು. ಇದನ್ನ ಒಂದು ಬ್ಯಾಂಕಿಗೆ ಒಪ್ಪಿಸೋಕೆ 14 ತಿಂಗಳು. ಹೋದಾಗೆಲ್ಲ "ಯಜಮಾನರು ಯಾರೂ ಬರಲಿಲ್ವಾ?" ಅಂತ ಕೇಳೋರು. ನಿಮ್ಮ ತಮ್ಮನಿಗೆ ಆ ಪ್ರಶ್ನೆ ಬರಲ್ಲ, ಆದ್ರೆ ಅಲೆದಾಟ ತಪ್ಪಲ್ಲ. ಅವನು ಹೇಳೋ ರೇಜರ್‌ಪೇ ಹುಡುಗರೂ ಶುರುವಿನಲ್ಲಿ ಬ್ಯಾಂಕುಗಳ ಬಾಗಿಲು ಅಲೆದವರೇ. ಅಷ್ಟು ಬೆಳೆದ ಮೇಲೂ 2022ರ ಡಿಸೆಂಬರ್‌ನಿಂದ ಒಂದು ವರ್ಷ ರಿಸರ್ವ್ ಬ್ಯಾಂಕಿನ ಅಂತಿಮ ಪರವಾನಗಿ ಬರೋವರೆಗೂ ಹೊಸ ವ್ಯಾಪಾರಿಗಳನ್ನ ಸೇರಿಸೋ ಹಾಗಿರಲಿಲ್ಲ. ಅವರ ಕತೆ ಓದುವಾಗ ಅವನು ಈ ವರ್ಷವನ್ನೂ ಓದಲಿ.

ಆದಾಯ ಹೇಳ್ತೀನಿ, ಮುಚ್ಚಿಡೋಕೆ ಏನಿಲ್ಲ. ಯುಪಿಐನಲ್ಲಿ ಪೈಸೆ ಸಿಗಲ್ಲ, 2020ರ ಜನವರಿಯಿಂದ ವ್ಯಾಪಾರಿಗಳ ಮೇಲೆ ಶುಲ್ಕ ಸೊನ್ನೆ. ನಮಗೆ ಬರೋದು ಸಾಫ್ಟ್‌ವೇರ್ ಬಾಡಿಗೆ, ಒಬ್ಬ ಕಲೆಕ್ಟರ್‌ಗೆ ತಿಂಗಳಿಗೆ 300. ದಾವಣಗೆರೆ, ಚಿತ್ರದುರ್ಗ, ಹಾವೇರಿ ಕಡೆ ಸೇರಿ 31 ಸಂಘ, 640 ಕಲೆಕ್ಟರ್‌ಗಳು. 1 ಲಕ್ಷ 92 ಸಾವಿರ ಆಯ್ತು. ನಾಲ್ಕು ಜನರ ಸಂಬಳ, ಸರ್ವರ್, ಎಸ್‌ಎಂಎಸ್, ವಿದ್ಯಾನಗರದ ಮಹಡಿ ಬಾಡಿಗೆ ಕಳೆದು ನಾನು 35 ಸಾವಿರ ತಗೊಳ್ತೀನಿ. ಮೇಲೆ ಹತ್ತು ಸಾವಿರ ಉಳಿದ್ರೆ ಒಳ್ಳೇ ತಿಂಗಳು. ಮೊದಲ 22 ತಿಂಗಳು ಏನೂ ತಗೊಂಡಿಲ್ಲ, ಅಮ್ಮನ ಕೈ ಊಟ. ಬೆಂಗಳೂರಿನಲ್ಲೇ ಇದ್ದಿದ್ರೆ ಇದರ ನಾಲ್ಕರಷ್ಟು ಬರ್ತಿತ್ತು. ಈ ಕೆಲಸದ ಮೇಲೆ ನನಗಿರೋ ಪ್ರೀತಿ ಮಾತ್ರ ಒಂದು ದಿನವೂ ಕಡಿಮೆ ಆಗಿಲ್ಲ.


ಮೆಕ್ಕೆಜೋಳ ದಲಾಲಿ

ಟೀಚರ್ ಮೇಡಂ, ನಾನು ಎಪಿಎಂಸಿ ಯಾರ್ಡ್‌ನಾಗೆ ಅಂಗಡಿ ಇಟ್ಕಂಡಿದೀನಿ. ಹಮಾಲರ ಬಗ್ಗೆ ಹೇಳಿದ್ರಲ್ಲ, ಅದಕ್ಕೆ ಬರೀತಿದೀನಿ. ನಮ್ಮ ಹಮಾಲರು ಕೈಗಡ ತಗೊಳೋದು ನಮ್ಮ ಅಂಗಡಿಯಾಗೇ. ಮಗಳ ಮದುವೆ, ಆಸ್ಪತ್ರೆ ಅಂದ್ರೆ ಹತ್ತೋ ಹದಿನೈದೋ ಸಾವಿರ ಕೊಡ್ತೀವಿ, ಶನಿವಾರದ ಬಟವಾಡೆಯಾಗೆ ಐನೂರು ಐನೂರು ಮುರ್ಕಂತೀವಿ. ಬಡ್ಡಿ ಇಲ್ಲ. ಆದ್ರೆ ಅದು ತೀರೋ ತನಕ ಅವನು ಬೇರೆ ಅಂಗಡಿಗೆ ಹೋಗಂಗಿಲ್ಲ, ಅದೂ ನಿಜ. ನಿಮ್ಮ ತಮ್ಮನ ಆ್ಯಪ್‌ಗೆ ಬಡ್ಡಿ ಕಟ್ಟಿ ಯಾಕೆ ತಗೋತಾನೆ ಅನ್ನೋದನ್ನ ಮೊದಲು ಯೋಚನೆ ಮಾಡ್ಲಿ. ಬೆಳಿಗ್ಗೆ ಕೊಟ್ಟು ಸಂಜೆ ಕೀಳೋ ಬಡ್ಡಿ ತರಕಾರಿ ಗಾಡಿಯವರಿಗೆ ಐತೆ, ಹಮಾಲರಿಗೆ ಅಷ್ಟಿಲ್ಲ. ಇಬ್ಬರನ್ನೂ ಒಂದೇ ಅಂದ್ಕಂಡಿದಾನೆ ಅನ್ಸುತ್ತೆ.

ಇನ್ನೊಂದು, 2025ರ ಜುಲೈನಾಗೆ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಬಂತಲ್ಲ, ಆವಾಗಿಂದ ಸುಮಾರು ಜನ ಕ್ಯೂಆರ್ ತೆಗೆದು ಒಳಗಿಟ್ರು. ತರಕಾರಿಗೆ ತೆರಿಗೆನೇ ಇಲ್ಲ ಅಂತ ಎಷ್ಟು ಹೇಳಿದ್ರೂ ಹೆದರಿಕೆ ಹೋಗಿಲ್ಲ. ಅವರಿಗೆ ಸರಿಯಾಗಿ ಲೆಕ್ಕ ಬರ್ಕೊಡೋ ಒಬ್ಬ ಓದಿದ ಹುಡುಗ ಬೇಕಾಗೈತೆ. ಸಾಲ ಕೊಡೋರು ಊರ್ ತುಂಬ ಅದಾರೆ.


ಹರಿಹರದ ಟೀಚರ್

ನಿಮ್ಮೆಲ್ಲರ ಉತ್ತರ ತಮ್ಮನಿಗೆ ಕಳಿಸಿದೆ. ಶೇ. 5 ಖಾತರಿ ಲೆಕ್ಕ ಅವನಿಗೆ ಗೊತ್ತಿತ್ತಂತೆ, ನಮಗೆ ಹೇಳಿರಲಿಲ್ಲ. ಅದಕ್ಕೆ ನಾನು ಬೈದೆ. ಮಂಡಕ್ಕಿ ಭಟ್ಟಿ ಅಜ್ಜಿ ಕತೆ ಮಾತ್ರ ಎರಡು ಸಲ ಓದಿಸಿಕೊಂಡ. ದಲಾಲಿ ಅಂಗಡಿಯವರ ಮಾತಿಗೆ ಅವನ ಹತ್ರ ಉತ್ತರ ಇರಲಿಲ್ಲ, ಸುಮ್ಮನೆ ಕೂತ.

ಪಿಗ್ಮಿ ಮಗಳು ಅವರಿಗೆ: ಅವನು ಸಾಲದ ಯೋಚನೆ ಬಿಡಬಹುದು, ಆದ್ರೆ ಕೆಲಸ ಬಿಡೋ ಯೋಚನೆ ಬಿಟ್ಟಿಲ್ಲ. ನಾವು ಏನು ಮಾಡಬೇಕು? ಅಮ್ಮನಿಗೆ ಇನ್ನೊಂದು ಚಿಂತೆ, ಕೆಲಸ ಬಿಟ್ಟ ಹುಡುಗನಿಗೆ ಹೆಣ್ಣು ಯಾರು ಕೊಡ್ತಾರೆ ಅಂತ.


ಪಿಗ್ಮಿ ಮಗಳು

ಟೀಚರ್, ಅಮ್ಮನ ಚಿಂತೆಗೆ ನನ್ನ ಹತ್ರ ಔಷಧಿ ಇಲ್ಲ. ನನಗೆ 31, ನೋಡೋಕೆ ಬಂದವರು ಇಬ್ಬರು "ಕಂಪನಿ ಮುಚ್ಚಿ ಬರ್ತಾಳಾ?" ಅಂತ ಕೇಳಿದ್ರು. ಅಮ್ಮ ಅತ್ತಿದ್ದಾಳೆ. ಅದು ಇದ್ದೇ ಇರುತ್ತೆ, ಮೊದಲೇ ಗೊತ್ತಿರಲಿ.

ನಿಮ್ಮ ಅಪ್ಪಾಜಿಯವರ ದುಡ್ಡು ಮುಟ್ಟಬೇಡಿ. ಇದನ್ನ ಗಟ್ಟಿಯಾಗೇ ಹೇಳ್ತೀನಿ. ಮೊದಲು ಆಪರೇಷನ್ ಮಾಡಿಸಿಬಿಡಿ, ಆಗ ಆ ಪ್ರಶ್ನೆಯೇ ಇರಲ್ಲ. ಅವನು ಇನ್ನೊಂದು ವರ್ಷ ಕೆಲಸದಲ್ಲಿದ್ದು ತನ್ನ ಸಂಬಳದಲ್ಲಿ ಉಳಿಸಲಿ. ಹದಿನೆಂಟು ತಿಂಗಳು ಸಂಬಳ ಇಲ್ಲದೆ ಇರೋಕೆ ಆಗುವಷ್ಟು ಕೂಡಿದ ಮೇಲೆ ಬಿಡಲಿ. ಮಾಡಿದ್ದನ್ನ ತೋರಿಸೋಕೆ ಏನಾದ್ರೂ ಆದ ಮೇಲೆ ರಾಜ್ಯ ಸರ್ಕಾರದ ಎಲಿವೇಟ್ ಅನುದಾನಕ್ಕೆ ಅರ್ಜಿ ಹಾಕಬಹುದು, 50 ಲಕ್ಷದವರೆಗೆ ಕೊಡ್ತಾರೆ, ಕಂಪನಿಯಲ್ಲಿ ಪಾಲು ಕೇಳಲ್ಲ. ಆದ್ರೆ ಅದನ್ನೇ ನಂಬಿ ಕೆಲಸ ಬಿಡೋದು ಬೇಡ.

ದಲಾಲಿ ಅಣ್ಣಾವ್ರು ಹೇಳಿದ ಲೆಕ್ಕದ ವಿಷಯ ನನಗೂ ಸರಿ ಅನ್ಸುತ್ತೆ. ತರಕಾರಿ ಗಾಡಿಯವರಿಗೆ, ಸಣ್ಣ ಹೋಟೆಲಿನವರಿಗೆ ದಿನದ ವ್ಯಾಪಾರ ಕನ್ನಡದಲ್ಲಿ ಬರೆದಿಡೋದು, ತೆರಿಗೆ ಇರೋದು ಇಲ್ಲದ್ದು ಬೇರೆ ಮಾಡೋದು. ಎರಡು ವರ್ಷದ ಅಂಥ ಲೆಕ್ಕ ಕೈಯಲ್ಲಿದ್ರೆ ಬ್ಯಾಂಕಿನವರೇ ಅವರಿಗೆ ಸಾಲ ಕೊಡೋಕೆ ಮನಸ್ಸು ಮಾಡ್ತಾರೆ. ಅವನ ಆಸೆಯೂ ಅದೇ ಅಲ್ವಾ, ಬಡ್ಡಿಯವರಿಂದ ಬಿಡಿಸೋದು? ದಾರಿ ಉದ್ದ, ಆದ್ರೆ ಅದಕ್ಕೆ 10 ಕೋಟಿ ಬೇಕಾಗಲ್ಲ.

ಅದಕ್ಕಿಂತ ಮೊದಲು ಒಂದು ಕೆಲಸ. ಅವನಿಗೆ ಮುಂದಿನ ವಾರ ರಜೆ ಸಿಕ್ಕಿದ್ರೆ ನಮ್ಮ ಅಪ್ಪಾಜಿ ಜೊತೆ ಐದು ದಿನ ಪಿಗ್ಮಿ ಕಲೆಕ್ಷನ್ ಲೈನ್ ಮೇಲೆ ತಿರುಗಲಿ. ನಾನು ಕೇಳಿದೆ, "ಬರ್ಲಿ ಬಿಡವ್ವ, ನಂಗೂ ಮಾತಿಗೆ ಒಬ್ರು ಆಗ್ತಾರೆ" ಅಂದ್ರು. ಬೆಳಿಗ್ಗೆ ಒಂಬತ್ತೂವರೆಗೆ ಗಡಿಯಾರ ಕಂಬದ ಹತ್ರ ಬರೋಕೆ ಹೇಳಿ. ಲ್ಯಾಪ್‌ಟಾಪ್ ತರೋದು ಬೇಡ, ಒಂದು ಉದ್ದನೆಯ ನೋಟ್‌ಬುಕ್ ಇರಲಿ. ತಲೆಗೆ ಟೋಪಿ ಬೇಕೇ ಬೇಕು, ಮಧ್ಯಾಹ್ನದ ಹೊತ್ತಿಗೆ ಭಟ್ಟಿಗಳ ಕಡೆ ಹೋಗೋದು.